ಗೋಡೆಗೆ ಹಚ್ಚಿದ ಮುಖ

ಅಕ್ಕೋರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹದಿಮೂರು ದಿನ ಕಳೆದ ಮೇಲೆ. ಅಪ್ಪ ಬರೆದ ಕಾರ್ಡಿನಲ್ಲಿ ಮಳೆಯ ವಿಚಾರ, ತಮ್ಮನ ಪರೀಕ್ಷೆಯ ವಿಚಾರ, ಅವ್ವನ ಮೊಣಕಾಲು ನೋವಿನ ವಿಚಾರ ಎಲ್ಲ ಮುಗಿದು ಕೊನೆಯಲ್ಲಿ ಒಂದೇ ಸಾಲು ಇತ್ತು. ಬಾಜೂ ಮನೆಯ ಅಕ್ಕೋರು ಹೋಗಿಬಿಟ್ಟರು ಅಂತ. ನಾನು ಬಾಗಿಲಲ್ಲಿ ನಿಂತೇ ಓದಿದೆ. ಹುಬ್ಬಳ್ಳಿಯಿಂದ ಧಾರವಾಡವೇನು ಪರದೇಶವಲ್ಲ. ಬಸ್ಸು ಉಣಕಲ್ ಕೆರೆ ದಾಟಿತೆಂದರೆ ಪಕ್ಕದವರ ಜೊತೆ ನಾಲ್ಕು ಮಾತಾಡುವುದರೊಳಗೆ ಊರು ಬಂದಿರುತ್ತದೆ. ಇಷ್ಟು ಹತ್ತಿರ ಇದ್ದವಳಿಗೆ ಯಾರೂ ಆಳು ಕಳಿಸಿ ತಿಳಿಸಲಿಲ್ಲ. ತಿಳಿಸಬೇಕೆಂದು ಅವರಿಗೆ ಅನ್ನಿಸದ ಹಾಗೆ ನಾನೇ ಮಾಡಿಕೊಂಡಿದ್ದೆ.

ಧಾರವಾಡದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ, ಹಿಂದುಗಡೆ ಒಂದೇ ಹಿತ್ತಲು. ಅವರು ಹೆಣ್ಣುಮಕ್ಕಳ ಸಾಲೆಯಲ್ಲಿ ಚಿತ್ರ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಓಣಿಯವರು ಕೇಳಿ ಕೇಳಿ ಬೇಸತ್ತು ಬಿಟ್ಟಿದ್ದರು. ಅವರ ಬಲಗೈಯ ಉಗುರುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಸಣ್ಣವಳಿದ್ದಾಗ ಅಕ್ಕೋರು ಮೂಗಿಗೆ ತಪಕೀರು ಏರಿಸುತ್ತಾರೆಂದು ನಾನು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅದು ಫೋಟೋ ತೊಳೆಯುವ ಔಷಧದ ಕಲೆ.

ರೈಲ್ವೆಯಲ್ಲಿದ್ದ ಅವರ ಅಣ್ಣ ಪುಣೆಯಿಂದ ಒಂದು ಕ್ಯಾಮೆರಾ ತಂದುಕೊಟ್ಟಿದ್ದರು. ಎದೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವಂಥದ್ದು. ಅದರಿಂದ ಅಕ್ಕೋರು ಮನೆಯಲ್ಲೇ ಚಿತ್ರ ತೆಗೆದು ಮುಂಬಯಿಯ ಒಬ್ಬ ಏಜೆಂಟನಿಗೆ ಟಪಾಲಿನಲ್ಲಿ ಕಳಿಸುತ್ತಿದ್ದರು. ಆತ ಅವನ್ನು ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡು ಕ್ಯಾಲೆಂಡರ್ ಮಾಡುವವರಿಗೆ, ಡಬ್ಬಿಯ ಮೇಲೆ ಚೀಟಿ ಹಚ್ಚುವವರಿಗೆ, ವಾರಪತ್ರಿಕೆಯವರಿಗೆ, ಪಠ್ಯಪುಸ್ತಕದವರಿಗೆ, ಯಾರು ಏನು ಕೇಳಿದರೆ ಅದನ್ನು ತೆಗೆದು ಮಾರುತ್ತಿದ್ದ. ಯಾವ ಚಿತ್ರ ಎಲ್ಲಿ ಹೋಗಿ ಕೂಡುತ್ತದೆಂದು ತೆಗೆದವರಿಗೂ ಗೊತ್ತಿರುತ್ತಿರಲಿಲ್ಲ. ಒಮ್ಮೆ ಅವ್ವ ಪೇಟೆಯಿಂದ ಶ್ಯಾವಿಗೆ ಪುಡಕೆ ತಂದಾಗ ಅದರ ಕಾಗದದ ಮೇಲೆ ನಮ್ಮದೇ ಹಿತ್ತಲಿನ ಒರಳಕಲ್ಲು ಇತ್ತು.

ಮನೆಯಲ್ಲಿ ತೆಗೆಯುವಂಥದ್ದು ಏನಿರುತ್ತದೆ ಎಂದು ನನಗೆ ಆಗ ಅನ್ನಿಸುತ್ತಿತ್ತು. ಅವರದು ಎರಡು ಖೋಲಿ, ಒಂದು ಅಡಿಗೆಮನೆ, ಒಂದು ಕತ್ತಲು ಸಾಮಾನು ಕೋಣೆ. ಆ ಕೋಣೆಯಲ್ಲೇ ಅವರು ಫೋಟೋ ತೊಳೆಯುತ್ತಿದ್ದರು. ಒಂದು ರೀಲಿಗೆ ಹನ್ನೆರಡೇ ಚಿತ್ರ. ಅದಕ್ಕೇ ಯೋಚನೆ ಮಾಡದೆ ಗುಂಡಿ ಒತ್ತುತ್ತಿರಲಿಲ್ಲ. ರವಿವಾರ ಮುಂಜಾನೆ ಚಹಾ ಕುಡಿದು, ಕೈ ಹಿಂದೆ ಕಟ್ಟಿಕೊಂಡು, ತಮ್ಮದೇ ಮನೆಯಲ್ಲಿ ಬಾಡಿಗೆಗೆ ಮನೆ ನೋಡಲು ಬಂದವರ ಹಾಗೆ ತಿರುಗಾಡುತ್ತಿದ್ದರು.

"ಏನ ಹುಡುಕಾಕತ್ತೀರಿ ಅಕ್ಕೋರ?" ಎಂದು ನಾನು ಕೇಳಿದೆ.

"ಸಾಮಾನು ಹುಡುಕೂದಲ್ಲ ತಂಗಿ. ಬಿಸಲು ಇವತ್ತ ಎಲ್ಲಿ ಬಂದು ಕುಂತೈತಿ ನೋಡಬೇಕು. ಅದು ಕುಂತಲ್ಲಿ ಏನರೆ ಒಂದು ಇಟ್ಟರಾತು."

ಹಾಗೇ ಇಡುತ್ತಿದ್ದರು. ಮೊರದಲ್ಲಿ ಒಂದು ಹಿಡಿ ಕೆಂಪು ಮೆಣಸಿನಕಾಯಿ. ಮಡಚಿಟ್ಟ ಪತ್ರ, ಅದರ ಮೇಲೆ ಚಾಳೀಸಿನ ಕನ್ನಡಕ. ಕಡಪಾ ಕಲ್ಲಿನ ನೆಲದ ಮೇಲೆ ಒದ್ದೆ ಕಾಲಿನ ನಾಲ್ಕು ಹೆಜ್ಜೆ. ಅದಕ್ಕೆ ನನ್ನನ್ನು ಆರು ಸಲ ಬಚ್ಚಲಿನಿಂದ ನಡೆಸಿದ್ದರು. ಮಾವಿನಹಣ್ಣಿಗೆ ಕೊಬ್ಬರಿಎಣ್ಣೆ ಸವರಿ ಹೊಳಪು ಬರಿಸುತ್ತಿದ್ದರು. ಅಪ್ಪನ ಬಿಳಿ ಧೋತರ ಕೇಳಿ ತಂದು ಹಗ್ಗದ ಮೇಲೆ ಹರವಿ ನೆರಳಿದ್ದ ಕಡೆಗೆ ಬೆಳಕು ತಿರುಗಿಸುತ್ತಿದ್ದರು. ಅಪ್ಪ ಕಚೇರಿಗೆ ಹೋಗುವ ಹೊತ್ತಿಗೆ ಧೋತರ ಸಿಗದೆ ಬೈಯುತ್ತಿದ್ದರು. ಅವ್ವ ರೊಟ್ಟಿ ಬಡಿಯುವಾಗ ಬಂದು ಹಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಇನ್ನೊಂದಿಷ್ಟು ಉಬ್ಬಲಿ, ತಗೀಬ್ಯಾಡ್ರಿ," ಅನ್ನುತ್ತಿದ್ದರು. "ಸೀದ ಹೋಗತೈತ್ರಿ," ಅನ್ನುತ್ತಿದ್ದಳು ಅವ್ವ. "ಸೀದದ್ದು ನಾ ತಿಂತೇನಿ," ಎನ್ನುತ್ತ ಅಕ್ಕೋರು ಗುಂಡಿ ಒತ್ತುತ್ತಿದ್ದರು, ಆಮೇಲೆ ಆ ಸೀದ ರೊಟ್ಟಿಯನ್ನು ಖರೇನೇ ಕೂತು ತಿನ್ನುತ್ತಿದ್ದರು. ಹೊಗೆಯಿಂದಲೋ ಏನೋ, ಕೆಮ್ಮುತ್ತಿದ್ದರು. ಫೋಟೋ ತೊಳೆಯುವ ಔಷಧದ ಘಾಟು ಎಂದು ಅವರೇ ಹೇಳುತ್ತಿದ್ದರು. ನಾವೂ ಹಾಗೇ ತಿಳಿದಿದ್ದೆವು.

ನನಗೆ ಹದಿನಾರು ತುಂಬಿದ ವರ್ಷ ವಿಷಮಜ್ವರ ಬಂದಿತ್ತು. ಇಪ್ಪತ್ತು ದಿನ ಮಲಗಿ ಎದ್ದಾಗ ಕೆನ್ನೆ ಒಳಗೆ ಹೋಗಿ ಕಣ್ಣಷ್ಟೇ ಉಳಿದಿದ್ದವು. ಒಂದು ಮುಂಜಾನೆ ಅವ್ವನ ಶಾಲು ಹೊದ್ದು ಅಕ್ಕೋರ ಮನೆಯ ಕಿಟಕಿಯಲ್ಲಿ ಕೂತಿದ್ದೆ. ಅವರು ಅಡಿಗೆಮನೆಯಿಂದ ಬಂದವರು ಅಲ್ಲೇ ನಿಂತರು.

"ಏಳಬ್ಯಾಡ. ಹಂಗ ಕುಂದ್ರು. ಹೊರಗ ಯಾರೋ ಬರೋರು ಅದಾರ ಅಂತ ತಿಳಕೊಂಡು ನೋಡು."

ಆ ಚಿತ್ರಕ್ಕೆ 'ದಾರಿ ನೋಡುವವಳು' ಎಂದು ಹೆಸರಿಟ್ಟರು. ಮನುಷ್ಯರ ಮುಖ ಇದ್ದರೆ ಮುಂಬಯಿಯವನಿಗೆ ಒಂದು ಒಪ್ಪಿಗೆ ಕಾಗದ ಬೇಕಾಗುತ್ತಿತ್ತು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಆ ಕಾಗದ ಹಿಡಿದು ಅಪ್ಪನ ಹತ್ತಿರ ಬಂದರು.

"ಈ ಫೋಟೋ ಅವರು ಎಲ್ಲಿ ಬೇಕಾದ್ರೂ ಹಾಕ್ಕೋಬಹುದು ಅಂತ ಬರದಾರ್ರಿ."

"ಎಲ್ಲಿ ಹಾಕ್ತಾರ್ರಿ?" ಎಂದರು ಅಪ್ಪ.

"ಕ್ಯಾಲೆಂಡರಕ್ಕ ಹಾಕ್ತಾರ. ಇಲ್ಲಂದ್ರ ಸಾಲಿ ಪುಸ್ತಕಕ್ಕ."

ಅಪ್ಪ ಸಹಿ ಮಾಡಿದರು. ಕ್ಯಾಲೆಂಡರಿನಲ್ಲಿ ಬರುತ್ತೇನೆಂದು ನಾನು ಎರಡು ವರ್ಷ ಹಾದಿ ಕಾಯ್ದೆ. ಎಲ್ಲಿಯೂ ಬರಲಿಲ್ಲ. ಆಮೇಲೆ ಮರೆತೆ.

ಹದಿನೆಂಟಕ್ಕೆ ಮದುವೆಯಾಗಿ ಹುಬ್ಬಳ್ಳಿಗೆ ಬಂದೆ. ಹತ್ತಿ ವ್ಯಾಪಾರದ ಮನೆತನ. ಮಾವನವರು ಲಿಂಗಪೂಜೆ ಮುಗಿಸದೆ ನೀರು ಮುಟ್ಟುವವರಲ್ಲ, ಮಾತು ಕಡಿಮೆ. ಅತ್ತೆಯವರು ಅಡಿಗೆಮನೆಯನ್ನು ಕನ್ನಡಿಯ ಹಾಗೆ ಇಟ್ಟಿದ್ದರು. ಐದು ತಿಂಗಳು ಎಲ್ಲ ಛಲೋ ನಡೆಯಿತು. ಒಂದು ಸಂಜೆ ನಾದಿನಿ ಗೆಳತಿಯ ಜೊತೆ ಪೇಟೆಯ ದವಾಖಾನೆಗೆ ಹೋಗಿ ಬಂದವಳು ನನ್ನ ಮುಖವನ್ನೇ ನೋಡುತ್ತ ನಿಂತಳು.

"ವೈನಿ, ದವಾಖಾನ್ಯಾಗ ನಿಮ್ಮ ಫೋಟೋ ಹಚ್ಯಾರ."

ನಾನು ನಕ್ಕೆ. ಕ್ಯಾಲೆಂಡರ್ ಇರಬೇಕೆಂದೆ. ಅವಳು ನಗಲಿಲ್ಲ.

ಮರುದಿನ ಅತ್ತೆಯವರು ನನ್ನನ್ನು ಕರೆದುಕೊಂಡೇ ಹೋದರು. ಮಂದಿ ಕೂಡುವ ಮರದ ಬಾಕಿನ ಎದುರಿಗಿನ ಗೋಡೆಯ ಮೇಲೆ ಯಾವುದೋ ಔಷಧ ಕಂಪನಿಯ ದೊಡ್ಡ ಭಿತ್ತಿಪತ್ರ. ಅದರ ತುಂಬ ನಾನು. ಅವ್ವನ ಶಾಲು, ಒಳಹೋದ ಕೆನ್ನೆ, ಹೊರಗೆ ಯಾರನ್ನೋ ಹುಡುಕುವ ಕಣ್ಣು. ತಲೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿದ್ದರು: 'ಈಕೆಗೆ ಕ್ಷಯ. ಮನೆಯವರು ಮುಚ್ಚಿಟ್ಟರು.' ಕೆಳಗೆ ಸಣ್ಣದಾಗಿ, ಔಷಧವಿದೆ, ಗುಣವಾಗುತ್ತದೆ ಎಂದಿತ್ತು. ಆ ಕೆಳಗಿನ ಸಾಲು ನನಗೆ ಕಾಣಿಸಿದ್ದು ಎಷ್ಟೋ ದಿನದ ಮೇಲೆ. ಅವತ್ತು ಕಂಡದ್ದು ಮೇಲಿನದು ಮಾತ್ರ. ಬಾಕಿನ ಮೇಲಿದ್ದ ಒಬ್ಬ ಹೆಂಗಸು ಗೋಡೆ ನೋಡಿದಳು, ನನ್ನನ್ನು ನೋಡಿದಳು, ಮಗುವನ್ನು ತೊಡೆಯ ಮೇಲಿನಿಂದ ಎತ್ತಿ ಆಚೆ ಬದಿಗೆ ಕೂಡಿಸಿಕೊಂಡಳು.  ಇದು ಜ್ವರದ ಮೇಲೆ ತೆಗೆದದ್ದು, ಅಕ್ಕೋರು ತೆಗೆದದ್ದು ಎಂದು ಹೇಳುವ ಬದಲು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ.

ದಾರಿಯುದ್ದಕ್ಕೂ ಅತ್ತೆಯವರು ನನ್ನಿಂದ ನಾಲ್ಕು ಹೆಜ್ಜೆ ಮುಂದೆ ನಡೆದರು. ಮನೆಗೆ ಬಂದ ಮೇಲೆ, "ಅಡಿಗಿಮನಿಗೆ ಬರಬ್ಯಾಡ," ಎಂದರು. ಅವರ ತಂಗಿಯೊಬ್ಬಳು ಅದೇ ರೋಗದಿಂದ ಹೋಗಿದ್ದಳೆಂದು ನನಗೆ ಆಗ ಗೊತ್ತಿರಲಿಲ್ಲ. ಮಾವನವರು ಅಪ್ಪನನ್ನು ಕರೆಸಿದರು.

"ಮುಚ್ಚಿಟ್ಟು ಮದುವಿ ಮಾಡೀರಿ," ಎಂದರು.

"ಇಲ್ರಿ. ಅದು ವಿಷಮಜ್ವರ ಬಂದ ವರ್ಷದ್ದರಿ. ಬಾಜೂ ಮನಿಯವರು ತಗದ ಫೋಟೋ."

"ನಿಮ್ಮ ಹುಡುಗಿಗೆ ಏನೂ ಇರಲಾರದನ ಕಂಪನಿಯವರು ಯಾಕ ಹಾಕ್ತಾರ್ರಿ? ಅವರಿಗೇನು ಹುಚ್ಚೇನು?"

 ನನ್ನ ಗಂಡ ಪಡಸಾಲೆಯ ಕಂಬಕ್ಕೆ ಆನಿಕೊಂಡು ನಿಂತಿದ್ದರು. ಅವರು ಏನಾದರೂ ಅಂದಾರೆಂದು ನೋಡಿದೆ. ಅವರು ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟರು. ಅವತ್ತೇ ಅಪ್ಪನ ಜೊತೆ ಧಾರವಾಡದ ಬಸ್ಸು ಹತ್ತಿದೆ.

ಸಂಜೆ ಸಾಲೆಯಿಂದ ಬಂದ ಅಕ್ಕೋರು ನನ್ನನ್ನು ಕಂಡು, "ಯಾವಾಗ ಬಂದಿ ತಂಗಿ?" ಎಂದು ನಗುತ್ತ ಹಿತ್ತಲಿಗೆ ಬಂದರು. ಅವ್ವ ಹೇಳಿದಳು. ಅವ್ವ ಬಾಯಿ ಮಾಡುವವಳಲ್ಲ, ಅವತ್ತೂ ಮಾಡಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದಳು. ಅಕ್ಕೋರು ಕೈಯಲ್ಲಿದ್ದ ಕೊಡೆಯನ್ನು ನೆಲಕ್ಕೆ ಊರಿ ಹೊಸ್ತಿಲ ಮೇಲೆ ಕೂತುಬಿಟ್ಟರು.  "ಕ್ಯಾಲೆಂಡರಕ್ಕ ಅಂದಿದ್ದೆ ನಾನು," ಎಂದರು.

ಮರುದಿನ ಸಾಲೆಗೆ ರಜೆ ಹಾಕಿ ಹುಬ್ಬಳ್ಳಿಗೆ ಹೋದರು. ಮೊದಲು ದವಾಖಾನೆಯ ಗೋಡೆ ನೋಡಿದರಂತೆ, ಆಮೇಲೆ ಸೀದಾ ನಮ್ಮ ಮಾವನವರ ಎದುರಿಗೆ ಹೋಗಿ ನಿಂತರಂತೆ. ಮದುವೆಯಾಗದ ಒಬ್ಬ ಹೆಣ್ಣುಮಗಳು ಒಬ್ಬಳೇ ಬಂದು ಯಜಮಾನರ ಜೊತೆ ಮಾತಾಡಬೇಕು ಅಂದದ್ದು ಆ ಮನೆಯಲ್ಲಿ ಅದೇ ಮೊದಲು. "ತಗದಾಕಿ ನಾನು, ಮಾರಿದಾಕಿ ನಾನು. ತಪ್ಪು ನಂದೈತ್ರಿ, ಹುಡುಗಿದಲ್ಲ," ಎಂದರಂತೆ. ಮಾವನವರು ಕೇಳಿಸಿಕೊಂಡು, "ನಿಮ್ಮ ಮಾತಿನ ಮ್ಯಾಲೆ ಸಂಸಾರ ಮಾಡಾಕ ಆಗೂದಿಲ್ರಿ. ಎಕ್ಸರೇ ತಗಸಿ ಡಾಕ್ಟರ ಚೀಟಿ ತರ್ರಿ," ಎಂದರಂತೆ.

ಅಕ್ಕೋರೇ ನನ್ನನ್ನು ಧಾರವಾಡದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದರು. ಆ ಕೋಣೆಯ ಕತ್ತಲು, ಕಬ್ಬಿಣದ ಯಂತ್ರ, ಎದೆಗೆ ಒತ್ತಿ ನಿಲ್ಲಬೇಕಾದ ತಣ್ಣಗಿನ ಹಲಗೆ ನೋಡಿ ನಾನು ಬಾಗಿಲಲ್ಲೇ ನಿಂತೆ. ಒಳಗೆ ಹೋದರೆ ಇಲ್ಲದ ರೋಗವೂ ಬರುತ್ತದೆ ಅನ್ನಿಸಿತು. ಅಕ್ಕೋರು ಡಾಕ್ಟರ ಕಡೆಗೆ ತಿರುಗಿದರು.

"ಮೊದಲ ನಂದು ತಗೀರಿ. ಅಕಿ ನೋಡ್ಲಿ, ಹೆದರಿಕಿ ಹೋಗತೈತಿ."

"ನಿಮಗ್ಯಾಕ್ರಿ ಎಕ್ಸರೇ, ಬಾಯಾರ? ಫಿಲಮ್ ದಂಡ."

"ನನ್ನ ಫಿಲಮ್ಮಿನಿಂದನ ಇಷ್ಟೆಲ್ಲಾ ಆಗೇತಿ. ನಂದೂ ಒಂದು ತಗೀರಿ, ಕಡಿಗೆ ಮಾತಾಡೂಣು."

ಡಾಕ್ಟರರು ನಕ್ಕು ಒಪ್ಪಿದರು. ಅಕ್ಕೋರು ಹಲಗೆಗೆ ಎದೆ ಕೊಟ್ಟು ನಿಂತು ನನ್ನ ಕಡೆ ತಲೆ ತಿರುಗಿಸಿ, "ಏನೂ ಆಗೂದಿಲ್ಲ, ನೋಡು," ಎಂದರು. ಅವರದು ಮುಗಿದ ಮೇಲೆ ನಾನು ನಿಂತೆ.

ಎರಡು ದಿನ ಬಿಟ್ಟು ಹೋದೆವು. ಡಾಕ್ಟರರು ಎರಡು ಕರಿ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಒಂದರಲ್ಲಿ ಬಲಗಡೆ ಮೇಲೆ, ಹತ್ತಿ ಸಿಕ್ಕಿಕೊಂಡ ಹಾಗೆ ಒಂದು ಬಿಳಿ ಮಬ್ಬು. ನೆಗೆಟಿವ್ ನೋಡಿ ಪಳಗಿದ ಕಣ್ಣು ಅಕ್ಕೋರದು. ಡಾಕ್ಟರರಿಗಿಂತ ಮೊದಲು ಅವರ ಬೆರಳು ಅಲ್ಲಿಗೆ ಹೋಯಿತು. ನನ್ನ ಕಡೆ ನೋಡಿದರು.  ನನ್ನ ಕೈ ಹಿಡಿದುಕೊಂಡರು. ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಒಡೆಯಿತು.

"ಹುಡುಗಿಗೆ ಗುಣಾ ಆಗತೈತೇನ್ರಿ?" ಎಂದು ಕೇಳಿದರು.

ಡಾಕ್ಟರರು ಹಾಳೆಯ ಮೂಲೆಯಲ್ಲಿದ್ದ ನಂಬರನ್ನು ಕಾಗದದ ಜೊತೆ ಎರಡು ಸಲ ತಾಳೆ ನೋಡಿದರು.

"ಇದು ಹುಡುಗಿದಲ್ರಿ," ಎಂದರು. "ನಿಮ್ಮದು."

ಅಕ್ಕೋರು ನನ್ನ ಕೈ ಬಿಟ್ಟರು. ಎರಡು ಹೆಜ್ಜೆ ಹಿಂದೆ ಸರಿದು ಸೆರಗನ್ನು ಬಾಯಿಗೆ ಹಿಡಿದರು. ತಮ್ಮಿಂದ ನನಗೆ ಅಂಟೀತೆಂದು ಅಷ್ಟು ಲಗೂನೆ ಅವರಿಗೆ ಹೇಗೆ ಹೊಳೆಯಿತೋ. ನನಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ನನಗಿಲ್ಲ ಎಂಬ ಸಂತೋಷ ಹೊಟ್ಟೆಯೊಳಗಿಂದ ಎದ್ದು ಬರುತ್ತಿತ್ತು. ಎದುರಿಗೆ ಅವರು ನಿಂತಿದ್ದರು. ಅವರು ದೂರದಿಂದಲೇ ಆ ಹಾಳೆಯನ್ನು ಇನ್ನೊಮ್ಮೆ ನೋಡಿ, "ಫಿಲಮ್ ಛಲೋ ತೊಳದಾರ್ರಿ," ಎಂದರು. ಆಮೇಲೆ ನನಗೆ, "ನಿನ್ನ ಚೀಟಿ ಇಸ್ಕೊ. ಇವತ್ತ ನಿಮ್ಮಪ್ಪನ ಕರಕೊಂಡು ಹುಬ್ಬಳ್ಳಿಗೆ ಹೋಗು. ಬಸ್ಸಿನ್ಯಾಗ ನನ್ನ ಬಾಜೂ ಕುಂದ್ರಬ್ಯಾಡ," ಎಂದರು. ಹಾಗೇ ಮನೆಗೆ ಬಂದೆವು. ಅವರು ಬಸ್ಸಿನ ಕೊನೆಯ ಕಿಟಕಿಯಲ್ಲಿ, ನಾನು ಮುಂದೆ.

ಚೀಟಿ ನೋಡಿ ಮಾವನವರು ನನ್ನನ್ನು ಒಳಗೆ ಕರೆದುಕೊಂಡರು. ಅತ್ತೆಯವರು ಮಾತ್ರ ಅಡಿಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಚೀಟಿಯಲ್ಲಿ ಇಲ್ಲ ಎಂದಿತ್ತು, ಗೋಡೆಯ ಮೇಲೆ ಇದೆ ಎಂದಿತ್ತು. ಅವರು ಗೋಡೆಯನ್ನು ನಂಬಿದರು. ಭಿತ್ತಿಪತ್ರ ಇನ್ನೂ ಅಲ್ಲೇ ಇತ್ತು.

ಮುಂದಿನದನ್ನು ನನಗೆ ಅವ್ವ ಹೇಳಿದ್ದು. ಅಕ್ಕೋರಿಗೆ ಒಂದೂವರೆ ವರ್ಷ ಮನೆಯಲ್ಲೇ ಇದ್ದು ಇಂಜೆಕ್ಷನ್ನು, ಗುಳಿಗೆ ತೆಗೆದುಕೊಳ್ಳಲು ಡಾಕ್ಟರರು ಹೇಳಿದರು. ಅಕ್ಕೋರು ಸಾಲೆಗೆ ಮೈಯಲ್ಲಿ ಹುಷಾರಿಲ್ಲವೆಂದು ರಜೆ ಬರೆದರು. ನಿಜವಾದ ಕಾರಣ ನಮ್ಮ ಮನೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ನಾವೂ ದೂರ ಸರಿದೆವು. ಅವ್ವ ಹಿತ್ತಲಿನ ನಡುವೆ ಹಗ್ಗ ಕಟ್ಟಿದಳು. ತಮ್ಮನಿಗೆ ಆ ಕಡೆ ಹೋಗಬಾರದೆಂದಳು. ಅಕ್ಕೋರು ಹಗ್ಗದ ಆಚೆ ನಿಂತು, "ಬರೋಬ್ಬರಿ ಮಾಡೀರಿ," ಎಂದರಂತೆ.

ಹಾಸಿಗೆ ಹಿಡಿದಲ್ಲಿಂದಲೇ ಅವರು ಮುಂಬಯಿಯವನಿಗೆ ಪತ್ರದ ಮೇಲೆ ಪತ್ರ ಬರೆದರು. ಆ ಹುಡುಗಿಯ ಮುಖ ತೆಗೆಯಿರಿ ಎಂದು. ಕೊನೆಗೆ ಉತ್ತರ ಬಂತು. ಹಚ್ಚಿದ್ದನ್ನು ತೆಗೆಸಲು ಆಗುವುದಿಲ್ಲ, ಆದರೆ ಕಂಪನಿಯವರು ಬರುವ ವರ್ಷ ಹೊಸ ಬರಹ ಹಾಕಿ ಮುದ್ರಿಸಿ ಹಳೆಯದರ ಮೇಲೆ ಹಚ್ಚಿಸುವವರಿದ್ದಾರೆ, ಅದೇ ಥರದ ಬೇರೆ ಚಿತ್ರ ಕಳಿಸಿದರೆ ಬದಲಿಸಬಹುದು, ಎಂದು.

ಒಂದು ದಿನ ಮುಂಜಾನೆ ಅಕ್ಕೋರು ಹಗ್ಗದ ಹತ್ತಿರ ಬಂದು ಅವ್ವನನ್ನು ಕರೆದರು. "ನೀವು ಒಳಗ ಬರಬ್ಯಾಡ್ರಿ. ಹಿತ್ತಲದಾಗ ನಿಂತು ಕಿಟಕಿಯೊಳಗ ಕೈ ಹಾಕಿ ಒಂದು ಗುಂಡಿ ಒತ್ತಬೇಕು. ಅಷ್ಟ." ಕ್ಯಾಮೆರಾವನ್ನು ಕಿಟಕಿಯ ಕಟ್ಟೆಯ ಮೇಲೆ ಪುಸ್ತಕ ಪೇರಿಸಿ ಇಟ್ಟಿದ್ದರು. ಒಳಗೆ ಹೋಗಿ, ಬಿಸಿಲು ಬಂದು ಕೂತ ಜಾಗದಲ್ಲಿ ಕುರ್ಚಿ ಹಾಕಿ ಕೂತರು. ಅವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಹೊರಗೆ ನಿಂತಳು. ಅವರು ನಗುವುದು ಅವಳಿಗೆ ಕಂಡಿತು.

"ನಗಬ್ಯಾಡ್ರಿ ಅಕ್ಕೋರ. ರೋಗದ ಫೋಟೋಕ್ಕ ಯಾರರೆ ನಗ್ತಾರೇನು?"

"ಗುಣಾ ಆಗತೈತಿ ಅಂತ ಬರದಾರಲ್ರೀ ಕೆಳಗ. ಮತ್ತ ನಗಬೇಕಲ್ಲ. ಒತ್ತರಿ."

ಅವ್ವ ಹನ್ನೆರಡು ಸಲ ಒತ್ತಿದಳು. ಒಂದು ರೀಲು ಪೂರ್ತಿ. ಅಂದು ಸಂಜೆ ಹಗ್ಗ ಬಿಚ್ಚಿದಳು.

ಆಗ ನನಗೆ ಇದೊಂದೂ ಗೊತ್ತಿರಲಿಲ್ಲ. ಬಸುರಿಯಾಗಿ ಐದು ತಿಂಗಳಾದಾಗ ಅತ್ತೆಯವರು ನನ್ನನ್ನು ಅದೇ ದವಾಖಾನೆಗೆ ಕರೆದುಕೊಂಡು ಹೋದರು. ನಾನು ತಲೆ ಬಗ್ಗಿಸಿಕೊಂಡೇ ಬಾಕಿನ ಮೇಲೆ ಕೂತೆ. ಅತ್ತೆಯವರು ನನ್ನ ತೋಳು ತಿವಿದರು. ತಲೆ ಎತ್ತಿದೆ. ಗೋಡೆಯ ಮೇಲೆ ಅಕ್ಕೋರು. ನೆರೆತ ಕೂದಲು, ಹಣೆಯ ಮೇಲೆ ಬಿಸಿಲು, ಎದುರಿಗೆ ಕೂತವರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ ತುಸು ನಗುತ್ತಿದ್ದರು. ಮೇಲೆ 'ನನಗೆ ಕ್ಷಯ' ಎಂದಿತ್ತು. 'ಮುಚ್ಚಿಡಲಿಲ್ಲ' ಎಂದಿತ್ತು. ನಾನು ಎದ್ದು ನಿಂತುಬಿಟ್ಟೆ. 

"ಅವತ್ತ ನಮ್ಮ ಮನಿಗೆ ಬಂದಿದ್ದರಲ್ಲ, ಅವರ ಅಲ್ಲೇನ ಇವರು?" ಎಂದು ಅತ್ತೆಯವರು ಕೇಳಿದರು.

ಹೌದೆಂದೆ. ಅವರು ಎದ್ದು ಗೋಡೆಯ ಹತ್ತಿರ ಹೋಗಿ ನಿಂತರು. "ನನ್ನ ತಂಗೀನ್ನ ನಾವು ಮುಚ್ಚಿಟ್ಟಿದ್ದಿವಿ," ಎಂದರು. ಅಷ್ಟೇ. ಮನೆಗೆ ಬಂದ ಮೇಲೆ, ಒಲೆಯ ಮೇಲೆ ಬೇಳೆ ಇಟ್ಟಿದ್ದೇನೆ, ನೋಡು ಹೋಗು, ಎಂದರು. ನಾನು ಅಡಿಗೆಮನೆಗೆ ಹೋಗಿ ಬೇಳೆ ತಿರುವಿದೆ. 

ಅಕ್ಕೋರು ಗುಣವಾದರು. ಡಾಕ್ಟರರು ಚೀಟಿ ಕೊಟ್ಟರು. ಆದರೆ ಅಷ್ಟರೊಳಗೆ ಆ ಭಿತ್ತಿಪತ್ರ ಧಾರವಾಡದ ದವಾಖಾನೆಗಳಿಗೂ ಬಂದಿತ್ತು, ಅದನ್ನು ನೋಡದ ತಾಯಿತಂದೆ ಇರಲಿಲ್ಲ. ಹೆಡ್‌ಮಿಸ್ಟ್ರೆಸ್ಸು ಮನೆಗೇ ಬಂದು, ಮಂದಿ ಮಕ್ಕಳನ್ನು ಸಾಲೆ ಬಿಡಿಸುತ್ತೇವೆ ಅನ್ನುತ್ತಿದ್ದಾರೆ, ನೀವೇ ತಿಳಿದುಕೊಳ್ಳಿ ಎಂದರಂತೆ. ಅಕ್ಕೋರು ತಿಳಿದುಕೊಂಡು ರಾಜೀನಾಮೆ ಬರೆದುಕೊಟ್ಟರು.

ಬಾಣಂತನಕ್ಕೆ ಧಾರವಾಡಕ್ಕೆ ಹೋದಾಗ ನಾನು ಕೇಳಿದೆ. "ಯಾರಿಗೂ ಗೊತ್ತಿರಲಿಲ್ಲ. ನೀವು ಸುಮ್ಮನಿದ್ದರ ನೌಕರಿ ಉಳೀತಿತ್ತು. ನಿಮ್ಮ ಫೋಟೋ ಯಾಕ ಕಳಿಸಿದ್ರಿ?"

ಅವರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಅದ ಥರದ್ದು ಇನ್ನೊಂದು ಕಳಸ್ರಿ ಅಂದರಲ್ಲ. ನಾ ಮನಿಯೆಲ್ಲಾ ತಿರುಗಾಡಿದೆ ತಂಗಿ. ಮೊರ ಐತಿ, ಹಂಚು ಐತಿ, ಒರಳಕಲ್ಲು ಐತಿ. ಮುಖ ಅಂದ್ರ ಇನ್ನೊಬ್ಬರ ಮಗಳದ ಹುಡುಕಬೇಕಿತ್ತು. ಯಾರ ಮಗಳ್ನ ಹುಡುಕ್ಲಿ? ಮನ್ಯಾಗ ಇದ್ದಾಕಿ ನಾ ಒಬ್ಬಾಕೀನ."

ಇಂಥವರ ಬಗ್ಗೆ ನಾನು ಇನ್ನೊಂದು ಮಾತು ಹೇಳಬೇಕು. ಹೇಳದಿದ್ದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಒಂದು ಬೇಸಿಗೆ ಅವಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಅಕ್ಕೋರ ಮನೆಗೂ ಹೋದೆ. ಅವರು ಹೊರಗೆ ಬಂದು, "ಬಾ ಬಾ, ದೊಡ್ಡಾಕಿ ಆಗೀಯಲ್ಲ," ಎನ್ನುತ್ತ ಮಗಳನ್ನು ಎತ್ತಿಕೊಳ್ಳಲು ಬಗ್ಗಿ ಎರಡೂ ಕೈ ಚಾಚಿದರು. ಮಗಳು ಓಡಿದಳು. ನನ್ನ ಕೈ ಹೋಗಿ ಅವಳ ರಟ್ಟೆ ಹಿಡಿದು ಹಿಂದಕ್ಕೆ ಜಗ್ಗಿದ್ದು ನನಗೇ ಗೊತ್ತಾಗಲಿಲ್ಲ. ಅವಳು ಅತ್ತ ಮೇಲೆ ಗೊತ್ತಾಯಿತು. ಅಕ್ಕೋರು ಗುಣವಾಗಿ ಎಷ್ಟೋ ವರ್ಷವಾಗಿತ್ತು. ಡಾಕ್ಟರರ ಚೀಟಿಯನ್ನು ನಾನೇ ಕೈಯಲ್ಲಿ ಹಿಡಿದು ಓದಿದ್ದೆ.

ಅವರ ಕೈ ಗಾಳಿಯಲ್ಲಿ ಒಂದು ಕ್ಷಣ ಹಾಗೇ ಇದ್ದವು. ಆಮೇಲೆ ಸೆರಗಿಗೆ ಒರೆಸಿಕೊಂಡು, "ಬಿಸಲಾಗ ಬಂದೀರಿ, ಪಾನಕಾ ಮಾಡ್ತೇನಿ," ಎಂದು ಒಳಗೆ ಹೋದರು. ಲೋಟ ತಿಕ್ಕುವ ಸಪ್ಪಳ ಕೇಳಿಸಿತು. ಬೂದಿ ಹಚ್ಚಿ ಒಮ್ಮೆ ತಿಕ್ಕಿದರು, ತೊಳೆದರು. ಮತ್ತೊಮ್ಮೆ ತಿಕ್ಕಿದರು. ಎರಡು ಲೋಟ ತಂದು ನನ್ನ ಮುಂದೆ ಇಟ್ಟು ತಾವು ದೂರ ಕಿಟಕಿಯ ಹತ್ತಿರ ಕೂತರು.

ನಾನು ನನ್ನದನ್ನು ಕುಡಿದೆ. ಮಗಳಿಗೆ ಬೇಡ, ಬಸ್ಸಿನಲ್ಲಿ ವಾಂತಿ ಮಾಡುತ್ತಾಳೆ ಎಂದೆ. ಅವತ್ತು ನಾವು ಬಸ್ಸು ಹತ್ತುವುದಿರಲಿಲ್ಲ, ಅದು ಅವರಿಗೂ ಗೊತ್ತಿತ್ತು.

"ಹೌದು, ಸಣ್ಣ ಹುಡುಗರಿಗೆ ಹಂಗ ಆಗತೈತಿ," ಎಂದು ಅಕ್ಕೋರು ಎದ್ದು ಬಂದು, ಮಗಳ ಪಾಲಿನ ಲೋಟ ಎತ್ತಿಕೊಂಡು, ನಿಂತಲ್ಲೇ ಅದನ್ನು ತಾವೇ ಕುಡಿದು ಮುಗಿಸಿದರು.